ಕೆಂಪು ಪೆನ್ಸಿಲಿನ ಆಳಗಳು

ಮಾರ್ಚ್ ೩

…ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂದರೋ, ಬಾಯಿ ತೆರೆಯುವ ತನಕ ಮೂಗು ಬಿಡಬಾರದು ಎಂದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಎರಡೂ ಒಂದೇ ಅಲ್ಲ. ಮೊದಲನೆಯದು ಹಿಡಿಸಿಕೊಂಡವನ ಮಾತು, ಎರಡನೆಯದು ಹಿಡಿದವನದು. ಬಂದರಿನ ಮುಖ್ಯಸ್ಥರು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದ್ದರಿಂದ ಅರ್ಧ ಮಾತು ಗಾಜಿಗೆ ಬಿತ್ತು. ಆಮೇಲೆ ಟೀ ತರಿಸಿದರು. ಸಕ್ಕರೆ ಇರಲಿಲ್ಲ.

ಜಲಸಂಧಿಯ ಬಾಯಲ್ಲಿ ಆಚೆ ದೇಶದವರ ಯುದ್ಧನೌಕೆಗಳು ಬಂದು ನಿಂತು ತಿಂಗಳಾಗುತ್ತ ಬಂತು. ಗುಂಡು ಹಾರಿಸಿಲ್ಲ, ಗದರಿಸಿಯೂ ಇಲ್ಲ. ನಿಂತಿದ್ದಾರೆ, ಅಷ್ಟೆ. ನಮ್ಮ ಕಡೆ ಬರುವ ಪ್ರತಿ ಹಡಗನ್ನೂ ತಡೆದು ತಪಾಸಣೆ ಎನ್ನುತ್ತಾರೆ. ತಪಾಸಣೆ ಮುಗಿಯುವುದಿಲ್ಲ. ಹಡಗಿನವರು ಕಾದು ಸಾಕಾಗಿ ಬೇರೆ ದೇಶದ ದಾರಿ ಹಿಡಿಯುತ್ತಾರೆ. ಹಡಗು ಕಟ್ಟುವ ನಮ್ಮ ಧಕ್ಕೆಯ ಮೇಲೆ ಕ್ರೇನುಗಳು ಮೀನಿಲ್ಲದ ಕೆರೆಯ ಕೊಕ್ಕರೆಗಳ ಹಾಗೆ ಕತ್ತು ಚಾಚಿ ನಿಂತಿವೆ.

ರೇಡಿಯೋದಲ್ಲಿ ಗಡಿ ಕಾಯುವ ಸೈನ್ಯದ ಮೇಲೆ ಹಾಡು. ನಮ್ಮದು ದೊಡ್ಡ ಸೈನ್ಯ. ಅದರ ಟ್ಯಾಂಕುಗಳು ಕುಡಿಯುವ ಡೀಸೆಲ್ ಇದೇ ಜಲಸಂಧಿಯಿಂದ ಬರಬೇಕು ಎನ್ನುವುದನ್ನು ಹಾಡು ಬರೆದವನಿಗೆ ಯಾರೂ ಹೇಳಿದಂತಿಲ್ಲ. ನೆಲದ ಮೇಲೆ ಗೆರೆ ಎಳೆದು ಕಾವಲು ಕೂರುವುದೇ ದೇಶ ಎಂದುಕೊಂಡವರ ಕೈಯಲ್ಲಿ ದೇಶವಿದೆ. ನೀರಿನ ಮೇಲೆ ಸುಮ್ಮನೆ ನಿಂತವನೊಬ್ಬ ಇಷ್ಟೂ ಜನರ ಒಲೆ ಆರಿಸಬಲ್ಲ. ಮೈ ಉರಿಯುತ್ತದೆ. ಬರೆಯುತ್ತ ಒತ್ತಿದ್ದಕ್ಕೆ ನಿಬ್ಬು ಕಾಗದ ಹರಿಯಿತು.

ಮಾರ್ಚ್ ೯

ಹಿಟ್ಟಿನ ಅಂಗಡಿಯ ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸು ಏನು ಕೆಲಸ ಎಂದು ಕೇಳಿದಳು. ಪೈಲಟ್ ಎಂದೆ.

"ವಿಮಾನ ಓಡಿಸ್ತೀರಾ? ಹಂಗಾದ್ರೆ ಹಾರಿ ಹೋಗಿ ಒಂದು ಮೂಟೆ ತರಬಾರ್ದಾ?"

"ಬಂದರಿನ ಪೈಲಟ್ಟಮ್ಮ. ಹೊರಗಿಂದ ಬರೋ ಹಡಗು ಹತ್ತಿ, ದಾರಿ ಹೇಳಿ, ಒಳಗೆ ತರೋನು."

"ಯಾವ ಹಡಗು?"

ಸಾಲಿಗೆ ಸಾಲೇ ನಕ್ಕಿತು. ನಾನು ನಗಲಿಲ್ಲ.

ಮನೆಯಲ್ಲಿ ಕೆಳಗಿನ ಅಂತಸ್ತಿನಲ್ಲಿರುವ ತಮ್ಮನದೂ ಅದೇ ಕಥೆ. ಅವನ ಟಗ್ ಧಕ್ಕೆಗೆ ಕಟ್ಟಿದ್ದು ಕಟ್ಟಿದ ಹಾಗೇ ಇದೆ. ದೊಡ್ಡ ಹಡಗಿನ ಮೂತಿಗೆ ತನ್ನ ಮೂತಿ ಒತ್ತಿ ತಿರುಗಿಸುವ ಗಿಡ್ಡ ದೋಣಿ. ತೆಪ್ಪಗೆ ಕೂತು ಅಭ್ಯಾಸವಿಲ್ಲ, ಅದರ ಮಾಲೀಕನ ಹಾಗೆಯೇ. ಊಟಕ್ಕೆ ನಾನು ಕೆಳಗೇ ಹೋಗುವುದು. ಅಮ್ಮ ಇರುವುದೂ ಅಲ್ಲೇ. ಇವತ್ತು ತಟ್ಟೆ ಇಡುತ್ತ ಅಮ್ಮ ಹೇಳಿದಳು:

"ಒಬ್ಬ ಹೇಳೋನು, ಒಬ್ಬ ತಳ್ಳೋನು ಅಂತ ಊರೆಲ್ಲ ಹೊಗಳ್ತಿತ್ತು. ಈಗ ಇಬ್ರೂ ಉಣ್ಣೋರು."

"ಹಾಕು ಮೊದ್ಲು, ಆಮೇಲೆ ಲೆಕ್ಕ ಹೇಳು," ಎಂದ ತಮ್ಮ.

ಮಾರ್ಚ್ ೧೭

ನಮ್ಮ ಸರ್ಕಾರದವರು ರುಜು ಹಾಕಿದರು. ಸಹಕಾರ ಒಪ್ಪಂದವಂತೆ. ಅವರು ದಾರಿ ಬಿಡುತ್ತಾರೆ, ನಾವು ಬಂದರು ಬಿಡುತ್ತೇವೆ. ನಮ್ಮ ಒಳಬಂದರಿನಲ್ಲಿ ಅವರ ನೌಕೆಗಳು ತಂಗಬಹುದು, ಎಣ್ಣೆ ತುಂಬಿಸಿಕೊಳ್ಳಬಹುದು, ರಿಪೇರಿ ಮಾಡಿಕೊಳ್ಳಬಹುದು. ಎಷ್ಟು ಕಾಲ ಎಂದು ರೇಡಿಯೋದವನು ಓದಲಿಲ್ಲ.

ಕಳ್ಳನಿಗೆ ಬೀಗದ ಕೈ ಕೊಟ್ಟು ಇನ್ನು ಕಳ್ಳತನದ ಭಯವಿಲ್ಲ ಎನ್ನುವ ಜಾಣತನ.

ಮಾರ್ಚ್ ೨೧

ಬೆಳಿಗ್ಗೆ ಗೋಧಿ ಹಡಗು ಬಂತು, ಮಧ್ಯಾಹ್ನ ಅವರ ಮೊದಲ ಯುದ್ಧನೌಕೆ. ಎರಡಕ್ಕೂ ಪೈಲಟ್ ನಾನೇ. ಗೋಧಿ ಹಡಗಿಗೆ ಧಕ್ಕೆಯ ಮೇಲೆ ಜನ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೂ ತಟ್ಟಿದರು. ಕೈ ಬೆಚ್ಚಗಿತ್ತೇನೋ.

ಅವರ ಹಗ್ಗದ ಏಣಿ ಹತ್ತುವಾಗ ಕೆಳಗೆ ಜಿಗಿದುಬಿಡೋಣ ಅನ್ನಿಸುವಷ್ಟು ಸಿಟ್ಟು. ಮೇಲೆ ಒಬ್ಬ ಎಳೆಯ ಅಧಿಕಾರಿ ಬಿಳಿ ಕೈಗವಸು ತೊಟ್ಟು ಕೈಚಾಚಿದ. ಹಿಡಿಯಲಿಲ್ಲ. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವನು. "ತಮಗೆ ಸುಸ್ವಾಗತ. ತಮ್ಮ ಆಜ್ಞೆಯನ್ನು ನಿರೀಕ್ಷಿಸುತ್ತಿದ್ದೇವೆ," ಎಂದ. ನನ್ನ ಬಂದರಿಗೆ ನನಗೇ ಸ್ವಾಗತ ಹೇಳುವ ಈ ಬಿಳಿಗವಸಿನವನ ಕೆನ್ನೆಗೆ ಬಾರಿಸುವುದು ಬಿಟ್ಟು "ಹತ್ತು ಡಿಗ್ರಿ ಎಡಕ್ಕೆ" ಎಂದೆ. ಹಡಗು ತಕ್ಷಣ ಕೇಳಿತು. ಅಷ್ಟು ದೊಡ್ಡ ಕಬ್ಬಿಣ, ಇಷ್ಟು ಚುರುಕು.

ತಿರುವಿನಲ್ಲಿ ತಮ್ಮ ತಳ್ಳಿದ. ನಮ್ಮ ಹಡಗುದಾರಿ ಒಳಬಂದರಿಗೆ ಸ್ವಲ್ಪ ಮುಂಚೆ ಎಡಕ್ಕೆ ಮುರಿಯುತ್ತದೆ, ಬಲಕ್ಕೆ ಬಂಡೆ. ದೊಡ್ಡದು ಯಾವುದೂ ಅಲ್ಲಿ ಟಗ್ಗಿನ ನೆರವಿಲ್ಲದೆ ತಿರುಗಿದ್ದಿಲ್ಲ. ಕೆಲಸ ಮುಗಿಸಿದ ಮೇಲೆ ತಮ್ಮ ಟಗ್ಗಿನ ಕಟಕಟೆಯ ಮೇಲೆ ಬಗ್ಗಿ ನೀರಿಗೆ ಉಗಿದ. ಮೇಲಿನಿಂದ ನಾನು ನೋಡಿದೆ. ಬಿಳಿಗವಸಿನವನೂ ನೋಡಿದ.

ಏಪ್ರಿಲ್ ೨

ಅವರ ಅಧಿಕಾರಿಗಳು ನಮ್ಮ ಪೈಲಟ್‌ಗಳ ಜೊತೆ ನಿಂತು 'ವೀಕ್ಷಿಸಬೇಕಂತೆ'. ಮುಖ್ಯಸ್ಥರು ಕೈಕೈ ಹಿಸುಕಿಕೊಂಡು ಹೇಳಿದರು. ನನಗೆ ನಗು ಬಂತು. ನೋಡಿದರೆ ಬರುವ ವಿದ್ಯೆಯೇ ಇದು?

ನಮ್ಮ ಪೈಲಟ್ ಕೋಣೆಯಲ್ಲಿ ಒಂದು ಪದ್ಧತಿಯಿದೆ. ಪರೀಕ್ಷೆಗೆ ಕೂತವನಿಗೆ ದಡದ ಗೆರೆ ಮಾತ್ರ ಎಳೆದ ಖಾಲಿ ಹಾಳೆ ಕೊಡುತ್ತೇವೆ. ಇಡೀ ದಾರಿಯನ್ನು ಅವನು ನೆನಪಿನಿಂದ ತುಂಬಬೇಕು: ಎಲ್ಲೆಲ್ಲಿ ಎಷ್ಟು ಮಾರು ಆಳ, ಎಲ್ಲಿ ಮರಳದಿಬ್ಬ, ಭರತದ ನೀರು ಯಾವ ಕಡೆ ಎಳೆಯುತ್ತದೆ, ಇಳಿತದ್ದು ಯಾವ ಕಡೆ. ನೋಡಿದ ಮೇಲೆ ಹಾಳೆ ಒಲೆಗೆ. ಅಚ್ಚಾದ ನಕ್ಷೆಯಲ್ಲಿ ಇದ್ಯಾವುದೂ ಸರಿಯಾಗಿಲ್ಲ. ಇಲ್ಲಿಯ ತಳ ವರ್ಷವರ್ಷಕ್ಕೂ ಜರುಗುತ್ತದೆ. ಬಂದರು ಇರುವುದು ನಮ್ಮ ಕೆಲವರ ತಲೆಯಲ್ಲಿ.

ಆಗಲಿ, ಪರೀಕ್ಷೆಗೆ ಕೂರಲಿ ಎಂದೆ. ನಗೆಪಾಟಲಾಗಲಿ.

ಆದರು. ಬಿಳಿಗವಸಿನವನು ಬಂಡೆಯನ್ನೇ ಎಡಗಡೆಗೆ ಇಟ್ಟಿದ್ದ. ಗವಸು ಬಿಚ್ಚಿಟ್ಟು ಬರೆದಿದ್ದ. ಬೆರಳುಗಳು ಹುಡುಗಿಯ ಬೆರಳುಗಳ ಹಾಗಿವೆ.

ಏಪ್ರಿಲ್ ೧೧

ಮತ್ತೆ ಕೂತರು, ಮತ್ತೆ ಸೋತರು. ತಪ್ಪು ಆಳ ಕಂಡರೆ ನನಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ. ಏಳು ಮಾರು ಇರುವಲ್ಲಿ ಒಂಬತ್ತು ಎಂದು ಬರೆದ ಹಾಳೆಯನ್ನು ಹಾಗೇ ಒಲೆಗೆ ಹಾಕುವುದು ಹೇಗೆ? ಕೆಂಪು ಪೆನ್ಸಿಲಿನಿಂದ ತಿದ್ದಿದೆ. ನೀರಿನ ಸೆಳೆತ ತೋರಿಸುವ ಬಾಣಗಳನ್ನೂ ಹಾಕಿದೆ. ಬಿಳಿಗವಸಿನವನು ತಿದ್ದಿದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, "ಇದನ್ನು ಅಭ್ಯಾಸಕ್ಕಾಗಿ ಇರಿಸಿಕೊಳ್ಳಲು ಅನುಮತಿ ಇದೆಯೇ?" ಎಂದ. ನಮ್ಮ ಹುಡುಗರು ಯಾರೂ ಹಾಗೆ ಕೇಳಿದ್ದಿಲ್ಲ. ಒಲೆಯೂ ಆರಿತ್ತು.

ಊಟಕ್ಕೆ ಕೂತಾಗ ಇದನ್ನು ತಮಾಷೆಯೆಂದು ಹೇಳಿದೆ. ತಮ್ಮ ಅನ್ನ ಕಲೆಸುವುದನ್ನು ನಿಲ್ಲಿಸಿದ.

"ನೀನು ಅವರನ್ನ ಫೇಲ್ ಮಾಡ್ತಿಲ್ಲ ಅಣ್ಣ. ಪಾಠ ಹೇಳ್ತಿದೀಯ."

"ಈ ದಾರಿ ಕಲಿಯೋಕೆ ನನಗೆ ಆರು ವರ್ಷ ಬೇಕಾಯ್ತು."

"ನಿನಗೆ ಕೆಂಪು ಪೆನ್ಸಿಲ್ ಹಿಡಿದು ತಿದ್ದೋರು ಇರಲಿಲ್ಲ."

ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿ ನಕ್ಕಳು. ಟಗ್ ತಳ್ಳುವವನಿಗೆ ಪೈಲಟ್ ಪರೀಕ್ಷೆಯ ಬಗ್ಗೆ ಏನು ಗೊತ್ತು? ಅರ್ಧಕ್ಕೇ ಕೈ ತೊಳೆದೆ.

ಏಪ್ರಿಲ್ ೧೯

ಬಿಳಿಗವಸಿನ ಲೆಫ್ಟಿನೆಂಟರು ಇವತ್ತು ಇಡೀ ದಾರಿಯನ್ನು ಎರಡೇ ತಪ್ಪಿನೊಂದಿಗೆ ಬರೆದರು. ತಿರುವಿನ ಬಗ್ಗೆ ಒಳ್ಳೆಯ ಪ್ರಶ್ನೆ ಕೇಳಿದರು: ಟಗ್ ಇಲ್ಲದಿದ್ದರೆ? ನಮ್ಮವರು ಯಾರೂ ಇಷ್ಟು ವರ್ಷದಲ್ಲಿ ಕೇಳದ ಪ್ರಶ್ನೆ. ಭರತ ಕೊನೆಗೊಳ್ಳುವ ಹೊತ್ತಿಗೆ ಎಡಗಡೆಯ ಲಂಗರನ್ನು ತಳಕ್ಕೆ ತಾಗುವಷ್ಟೇ ಇಳಿಸಿ, ಕೆಸರಿನಲ್ಲಿ ಎಳೆಯುತ್ತ ಹೋದರೆ ಮೂತಿ ತಾನಾಗಿ ಎಡಕ್ಕೆ ಹೊರಳುತ್ತದೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಯಾರೂ ಮಾಡಿ ನೋಡಿಲ್ಲ. ಕೆಂಪಿನಲ್ಲಿ ಸಣ್ಣದೊಂದು ಲಂಗರು ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಕಲಿಸಿದ್ದು ಒಬ್ಬನ ತಲೆಗೆ ಇಳಿಯುವುದನ್ನು ಕಣ್ಣಾರೆ ನೋಡುವುದು ಅಪರೂಪ.

ಸಂಜೆ ಟಗ್‌ನವರ ಸಭೆಯಂತೆ. ಮುಂದಿನ ವಾರ ಅವರ ದೊಡ್ಡ ಸರಬರಾಜು ಹಡಗು ಬರಲಿದೆ. ಅದಕ್ಕೆ ಹಗ್ಗ ಕೊಡುವುದಿಲ್ಲ, ತಳ್ಳುವುದೂ ಇಲ್ಲ ಎಂದು ತೀರ್ಮಾನಿಸಿದ್ದಾರೆ. ಮುಂದಾಳು ಯಾರು ಎಂದು ಕೇಳುವ ಅಗತ್ಯವಿಲ್ಲ. ನನ್ನ ಕೆಳಗಿನ ಅಂತಸ್ತಿನಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು.

ಏಪ್ರಿಲ್ ೨೩

ಬರೆಯಲೇಬೇಕು, ಇಲ್ಲದಿದ್ದರೆ ಯಾರಿಗಾದರೂ ಹೊಡೆಯುತ್ತೇನೆ.

ಕೆಳಗೆ ಹೋಗಿ ನೇರವಾಗಿ ಕೇಳಿದೆ, ಇದರಿಂದ ನಿನಗೆ ಸಿಗುವುದೇನು ಎಂದು.

"ಮಾತು," ಎಂದ. "ಸಮುದ್ರ ಅವರದು. ಜಲಸಂಧಿ ಅವರದು. ನಮ್ಮ ಹತ್ರ ಉಳಿದಿರೋದು ಒಂದೇ ಒಂದು ತಿರುವು ಅಣ್ಣ. ಅಲ್ಲಿ ಒಂದು ಸಲ ಆಗಲ್ಲ ಅಂದ್ರೆ, ಎಷ್ಟು ಕಾಲ ಇರ್ತೀರಿ ಅಂತ ಅವರು ಕೂತು ಮಾತಾಡ್ಬೇಕಾಗುತ್ತೆ. ಅದನ್ನೂ ಬಿಟ್ಟುಕೊಟ್ರೆ ಆಮೇಲೆ ಬಾಗಿಲು ತಟ್ಟೋಕೂ ಅವರ ಅಪ್ಪಣೆ ಬೇಕು."

"ಅವರು ಮತ್ತೆ ಗೋಧಿ ಹಡಗು ನಿಲ್ಲಿಸ್ತಾರೆ. ಆಗ ಏನು ತಿಂತೀಯ, ಮಾತು ತಿಂತೀಯಾ?"

"ಮಾರ್ಚಲ್ಲಿ ನೀನೇ ಅವರನ್ನ ಕಳ್ಳರು ಅಂತಿದ್ದೆ."

"ಮಾರ್ಚಲ್ಲಿ ದಾರಿ ಮುಚ್ಚಿತ್ತು. ಈಗ ತೆರೆದಿದೆ. ತೆರೆದಿರೋ ದಾರಿಗೆ ಅಡ್ಡ ಕಾಲಿಡೋನು ಯಾರು ಈಗ? ಅವರಾ, ನೀನಾ? ನಿಯಮ ಅಂತ ಒಂದಿರುತ್ತೆ. ಕಾದು ನಿಂತೋರ ತಾಳ್ಮೆಗೂ ಮಿತಿ ಇರುತ್ತೆ."

ತಮ್ಮ ಒಳಗೆ ತಿರುಗಿ, "ಅಮ್ಮ, ಮೇಲ್ಗಡೆ ಮನೆಗೆ ಹೊಸಬರು ಬಂದಿದಾರೆ ನೋಡು. ಭಾಷೆ ಚೆನ್ನಾಗಿ ಕಲ್ತಿದಾರೆ," ಎಂದ.

"ನೀರಿನ ಜಗಳ ನೀರಲ್ಲೇ ಆಡ್ಕೊಳ್ಳಿ," ಎಂದು ಅಮ್ಮ ಕೂಗಿದಳು. "ನನ್ನ ಅಡುಗೆಮನೇಲಿ ಹಡಗು ತರಬೇಡಿ."

ಬಾಗಿಲನ್ನು ಎಳೆದುಕೊಂಡು ಬಂದೆ. ಸದ್ದು ಜೋರಾಯಿತು. ಆಗಲಿ. ಸಣ್ಣವನಿದ್ದಾಗಿನಿಂದ ಅವನದು ಇದೇ ಚಾಳಿ, ಎದುರಿಗಿದ್ದವನ ಶಕ್ತಿ ಎಷ್ಟು ಎಂದು ಅಳೆಯುವುದಿಲ್ಲ. ಬಂದರಿನ ಭಾರವೆಲ್ಲ ತನ್ನ ಹೆಗಲ ಮೇಲಿದೆ ಎಂದುಕೊಂಡಿದ್ದಾನೆ.

ಏಪ್ರಿಲ್ ೨೬

ಮುಖ್ಯಸ್ಥರ ಕೋಣೆಯಲ್ಲಿ ಸಭೆ. ಲೆಫ್ಟಿನೆಂಟರು ನನ್ನ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ ಲಂಗರಿನ ಮೇಲೆ ಬೆರಳಿಟ್ಟರು. ಟಗ್ ಬೇಡ ಎಂದರು. "ನಮ್ಮ ಗುರುಗಳು ಹಡಗಿನ ಮೇಲೆ ಇರುವರಷ್ಟೆ?" ಗುರುಗಳು ಎಂದರೆ ನಾನು.

ನಾನಲ್ಲದಿದ್ದರೆ ಅವರೇ ತರುತ್ತಾರೆ, ಕೆಟ್ಟದಾಗಿ ತರುತ್ತಾರೆ, ತಿರುವಿನಲ್ಲಿ ಅಡ್ಡ ಬಿದ್ದರೆ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ. ಇಷ್ಟನ್ನೂ ಮುಖ್ಯಸ್ಥರು ಹೇಳುವ ಮುಂಚೆ ನಾನೇ ಹೇಳಿದೆ.

ಏಪ್ರಿಲ್ ೨೮

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸರಬರಾಜು ಹಡಗು ಕಟ್ಟಡದಷ್ಟು ಎತ್ತರ. ಭರತ ಇನ್ನೂ ಸ್ವಲ್ಪ ಉಳಿದಿತ್ತು. ತಿರುವಿನ ಪಕ್ಕದಲ್ಲಿ, ಬಂಡೆಯ ನೆರಳಿನಲ್ಲಿ, ಟಗ್‌ಗಳು ಇಂಜಿನ್ ಆರಿಸಿಕೊಂಡು ಸಾಲಾಗಿ ನಿಂತಿದ್ದವು. ದಾರಿಗೆ ಅಡ್ಡವಾಗಿ ಅಲ್ಲ. ಬರಿದೇ ನೋಡಲು ಬಂದ ನೆಂಟರ ಹಾಗೆ. ಯಾರೂ ಕೂಗಲಿಲ್ಲ. ಮೊದಲನೆಯದರಲ್ಲಿ ತಮ್ಮ, ಕೈಕಟ್ಟಿಕೊಂಡು.

ಲಂಗರು ಇಳಿಸಲು ಹೇಳಿದೆ. ಸರಪಳಿ ಓಡಿತು. ಮೂತಿ ಹೊರಳಲಿಲ್ಲ. ಕೆಸರು ಮೆತ್ತಗಿತ್ತೋ, ಭರತದ ನೀರು ನಾನು ಎಣಿಸಿದ್ದಕ್ಕಿಂತ ಜೋರಿತ್ತೋ. ಬಂಡೆ ನೇರ ಎದುರಿಗೆ ಬಂತು, ಅದರ ಮೇಲಿನ ಚಿಪ್ಪುಗಳು ಒಂದೊಂದೂ ಕಾಣುವಷ್ಟು. ಲೆಫ್ಟಿನೆಂಟರು ನನ್ನ ಮುಖ ನೋಡಿದರು. ಇನ್ನಷ್ಟು ಸರಪಳಿ ಬಿಡಿ ಎಂದೆ. ನನ್ನ ದನಿ ಸ್ಥಿರವಾಗಿಯೇ ಇತ್ತು.

ಆಗ ಕೆಳಗೆ ಒಂದು ಇಂಜಿನ್ ಕೆಮ್ಮಿ ಹೊತ್ತಿಕೊಂಡಿತು. ತಮ್ಮ ತನ್ನ ಟಗ್ಗನ್ನು ಬಂಡೆಗೂ ಹಡಗಿಗೂ ನಡುವೆ ತೂರಿಸಿದ. ಅಲ್ಲಿ ಒಂದು ಟಗ್ಗಿಗೆ ಆಗುವಷ್ಟೇ ಜಾಗ, ಅದೂ ಆ ಕ್ಷಣಕ್ಕೆ ಮಾತ್ರ. ಮೂತಿ ಒತ್ತಿ ತಳ್ಳಿದ. ಹಿಂದಿನಿಂದ ಅವನ ಜೊತೆಗಾರರು ಬೈಯುವುದು ಮೇಲಿನವರೆಗೂ ಕೇಳಿಸಿತು. ಟಗ್ಗಿನ ಹಿಂಭಾಗ ಬಂಡೆಗೆ ಉಜ್ಜಿ ಕಿರುಗುಟ್ಟಿತು. ಮೂತಿ ಮೆಲ್ಲಗೆ ಎಡಕ್ಕೆ ಬಂತು. ಅಷ್ಟರಲ್ಲಿ ಲಂಗರೂ ಹಿಡಿಯಿತು.

ಹಿಡಿಯಿತು. ಹೇಗೂ ಹಿಡಿಯುತ್ತಿತ್ತು.

ಒಳಬಂದರಿನಲ್ಲಿ ಹಡಗಿನ ಕ್ಯಾಪ್ಟನ್ನರು ಎದ್ದು ನಿಂತು ಕೈಕುಲುಕಿದರು.

ಏಪ್ರಿಲ್ ೨೯

ತಮ್ಮನನ್ನು ಬೆಳಿಗ್ಗೆ ಕರೆದುಕೊಂಡು ಹೋದರು. ತಳ್ಳುವುದಿಲ್ಲ ಎಂದದ್ದಕ್ಕಲ್ಲ, ಒಪ್ಪಂದದ ಪ್ರಕಾರ ಅದು ಅಪರಾಧವಲ್ಲವಂತೆ. ಅವರ ನೌಕೆಯ ಹತ್ತಿರಕ್ಕೆ ಕರೆಯದೆ ಬಂದು ಮುಟ್ಟಿದ್ದು ಅಪರಾಧ. ದಾಳಿ ಎಂಬ ಪದ ಬಳಸಿದ್ದಾರೆ.

ನನ್ನ ಹೇಳಿಕೆ ಪಡೆದರು. ಅವರ ಅಧಿಕಾರಿಯೊಬ್ಬರು ಕೇಳಿದರು, ಲೆಫ್ಟಿನೆಂಟರು ನಮ್ಮ ಭಾಷೆಗೆ ತಂದರು. ತಾವು ಆ ಟಗ್ಗನ್ನು ಕರೆದಿರಾ? ಇಲ್ಲ. ಅದರ ಅಗತ್ಯವಿತ್ತೇ? ಇಲ್ಲ. ಲಂಗರು ಹಿಡಿಯುತ್ತಿತ್ತು.

ಮಧ್ಯಾಹ್ನ ತಮ್ಮನ ಹೆಂಡತಿ ಮೇಲೆ ಬಂದಳು. ಈ ಮೆಟ್ಟಿಲು ಹತ್ತಿ ಅವಳು ಬಂದದ್ದೇ ಕಡಿಮೆ. ಕೂರಲಿಲ್ಲ.

"ಭಾವ, ಕರೆದೆ ಅಂತ ಹೇಳಿ. ಒಂದೇ ಮಾತು. ಕೈ ಬೀಸಿದೆ ಅನ್ನಿ, ಕೂಗಿದೆ ಅನ್ನಿ. ವಕೀಲರು ಅಷ್ಟು ಸಾಕು ಅಂದ್ರು."

"ನಾನು ಕರೆದಿಲ್ಲಮ್ಮ."

"ನೀವು ಕರೆದಿಲ್ಲ ಅಂತ ನನಗೂ ಗೊತ್ತು."

"ಹಾಗಾದ್ರೆ ಸುಳ್ಳು ಹೇಳ್ಲಾ?"

ಅವಳು ಮೇಜಿನ ಮೇಲಿದ್ದ ಪೆನ್ಸಿಲುಗಳನ್ನು ನೋಡಿದಳು. "ಟಗ್‌ನೋರು ನಮ್ಮನೆಯವರನ್ನ ದ್ರೋಹಿ ಅಂತಿದಾರೆ. ನೌಕೆಯೋರು ದಾಳಿಕೋರ ಅಂತಿದಾರೆ. ಒಬ್ಬ ಮನುಷ್ಯ ಎರಡೂ ಹೆಂಗಾಗ್ತಾನೆ ಭಾವ?"

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸದ ಮೇಲೆ ಒಂದು ಸುಳ್ಳು ಹೇಳದವನ ಬಳಿ ಬಂದು ಸುಳ್ಳು ಬೇಡುತ್ತಾರೆ. ಮನೆಯವರೇ ಹೀಗಾದರೆ. ಅವಳು ಇಳಿದು ಹೋದ ಮೇಲೂ ಸಿಟ್ಟು ಇಳಿಯಲಿಲ್ಲ.

ಮೇ ೪

ಊಟ ಹೋಟೆಲಿನಲ್ಲಿ. ಉಪ್ಪು ಜಾಸ್ತಿ.

ಮೇ ೧೨

ಇವತ್ತು ಪೈಲಟ್ ಕೋಣೆಯ ಫಲಕದಲ್ಲಿ ನನ್ನ ಹೆಸರಿನ ಮುಂದೆ ಯಾವ ಹಡಗೂ ಇರಲಿಲ್ಲ. ಅವರ ನೌಕೆಗಳನ್ನು ಇನ್ನು ಅವರೇ ತರುತ್ತಾರೆ. ಗೋಧಿ ಹಡಗುಗಳನ್ನೂ, 'ಸುರಕ್ಷತೆಯ ದೃಷ್ಟಿಯಿಂದ'. ಅವರದೇ ಟಗ್‌ಗಳು ಬಂದಿವೆ, ಬೂದುಬಣ್ಣದವು, ಹೊಸವು. ಮುಖ್ಯಸ್ಥರು ಮರಳು ಸಾಗಿಸುವ ದೋಣಿಗಳಿವೆಯಲ್ಲ ಎಂದರು. ಮರಳು ದೋಣಿಗೆ ಪೈಲಟ್ ಯಾಕೆ? ಎಮ್ಮೆಯನ್ನು ಕೆರೆಗೆ ಇಳಿಸಲು ನಕ್ಷೆ ಬೇಕೇ?

ಸಂಕೇತ ಗೋಪುರದ ಮೇಲೆ ಹೋಗಿ ನಿಂತೆ. ಅವರ ಒಂದು ನೌಕೆ ಒಳಗೆ ಬರುತ್ತಿತ್ತು. ಅದರ ಮೇಲಟ್ಟದಲ್ಲಿ ಬಿಳಿ ಕೈಗವಸು ಕಾಣಿಸಿತು. ಮರಳದಿಬ್ಬದ ಹತ್ತಿರ ನಾನು ಹೇಳಿದಲ್ಲೇ ವೇಗ ಇಳಿಸಿದರು, ಬಾಣ ಹಾಕಿದ ಕಡೆಯೇ ಹಡಗನ್ನು ನೀರಿನ ಸೆಳೆತಕ್ಕೆ ಒಪ್ಪಿಸಿದರು. ತಿರುವಿನಲ್ಲಿ ಒಂದಿಷ್ಟು ಅಗಲವಾಗಿ ಹೋದರು. ತಿದ್ದಬೇಕು ಅನ್ನಿಸಿತು. ಕೈ ಎತ್ತಿದೆ. ಯಾರೂ ಈ ಕಡೆ ನೋಡುತ್ತಿರಲಿಲ್ಲ.

ಕೆಳಗೆ ಇಳಿದು ಬಂದಾಗ ಅಮ್ಮ ಬೀದಿಬಾಗಿಲಲ್ಲಿ ಕೂತಿದ್ದಳು. ಜೈಲಿನಿಂದ ಬಂದಿದ್ದಳು, ಚಪ್ಪಲಿಯನ್ನೂ ಬಿಚ್ಚಿರಲಿಲ್ಲ. ಹೇಗಿದ್ದಾನೆ ಎಂದು ಕೇಳಿದೆ.

"ನಿನ್ನ ಕೇಳಿದ," ಎಂದಳು. "ಅಣ್ಣಂಗೆ ಆವತ್ತು ಏನೂ ಆಗ್ಲಿಲ್ವಾ ಅಂತ."

ಮೇಲೆ ಬಂದು ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಯಾರ ಮೇಲೆ ಎಂದು ಸ್ಪಷ್ಟವಾಗಿ ಬರೆಯಬೇಕು, ಅದಕ್ಕೇ ತಾನೆ ದಿನಚರಿ. ರುಜು ಹಾಕಿದವರ ಮೇಲೆ. ಬಂದು ನಿಂತವರ ಮೇಲೆ. ಎಲ್ಲಕ್ಕಿಂತ ಹೆಚ್ಚು ನಿನ್ನ ಮೇಲೆ. ಕೈಕಟ್ಟಿಕೊಂಡು ನಿಂತವನು ನಿಂತೇ ಇರಬೇಕಿತ್ತು. ಹಡಗು ಬಂಡೆಗೆ ಬಡಿದಿದ್ದರೆ ತಪ್ಪು ನನ್ನದಾಗುತ್ತಿತ್ತು, ಗೆಲುವು ನಿಮ್ಮದು. ಅವರು ಮೇಜಿನ ಮುಂದೆ ಕೂರಲೇಬೇಕಾಗುತ್ತಿತ್ತು. ನೀನು ಕೇಳಿದ ಮಾತು ನಿನಗೆ ಸಿಗುತ್ತಿತ್ತು. ಅದನ್ನು ನೀನೇ ನೀರಿಗೆ ಹಾಕಿದೆ, ನಾನು ಕರೆಯದೆ. ನಾನು ಕರೆಯಲಿಲ್ಲ, ಅದು ನಿಜ, ಯಾರು ಕೇಳಿದರೂ ಅಷ್ಟನ್ನೇ ಹೇಳುತ್ತೇನೆ.

ಆದರೆ ಬಂಡೆಯ ಸಂದಿಗೆ ನುಗ್ಗುವ ಮುಂಚೆ ನೀನು ಒಮ್ಮೆ ತಲೆಯೆತ್ತಿ ಮೇಲೆ ನೋಡಿದೆ. ಅದನ್ನು ಹೇಳಿಕೆಯಲ್ಲಿ ಯಾರೂ ಕೇಳಲಿಲ್ಲ. ತಮ್ಮಾ, ಆಗ ನಿನ್ನ ಕಣ್ಣಿಗೆ ಬಿದ್ದದ್ದು ಏನು, ಅವರ ಹಡಗಾ, ನಾನಾ?